ಒಣದ್ರಾಕ್ಷಿ ಕೋಣೆಯ ಕೆಂಪು ಅಣಬೆ

ಡಫಳಾಪುರದ ನಮ್ಮ ಮನೆಗೆ ಹೊಂದಿಕೊಂಡ ತಗಡಿನ ಕೋಣೆಯನ್ನು ನನ್ನ ಮಾವ ಒಣದ್ರಾಕ್ಷಿ ಇಡಲೆಂದು ಕಟ್ಟಿಸಿದ್ದರು. ನಮ್ಮ ಕಡೆಯ ಗಾಳಿಗೆ ಒಣಗಿಸುವುದೊಂದೇ ಗೊತ್ತು. ಹಿಂಡಿ ಹಾಕಿದ ಸೀರೆ ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಗರಿಗರಿಯಾಗಿರುತ್ತದೆ. ಅಂಥ ಊರಿನಲ್ಲಿ, ಅಂಥ ಕೋಣೆಯಲ್ಲಿ, ಹಗಲೂ ರಾತ್ರಿ ತೇವ ಬೇಡುವ ಅಣಬೆ ಬೆಳೆಯಲು ನಾನು ಹೊರಟಿದ್ದೆ.

ತರಬೇತಿ ಪಡೆದದ್ದು ಸಾಂಗಲಿಯಲ್ಲಿ, ಮರಾಠಿಯಲ್ಲಿ. ನಾನು ಆರಿಸಿಕೊಂಡದ್ದು ಪಲ್ಯ ಮಾಡುವ ಅಣಬೆಯಲ್ಲ. ಇದು ಕಟ್ಟಿಗೆಯ ಮೇಲೆ ಬೆಳೆಯುವ ಕೆಂಪು ಅಣಬೆ, ರೇಶಿ ಎನ್ನುತ್ತಾರೆ. ಬೀಸಣಿಕೆಯ ಆಕಾರ, ಅರಗು ಬಳಿದಂಥ ಹೊಳಪು. ಔಷಧಿ ತಯಾರಿಸುವವರು ಇದನ್ನು ಒಣಗಿಸಿ ಪುಡಿ ಮಾಡುತ್ತಾರೆ. ಅಲ್ಲಿ ಮೇಜಿನ ಮೇಲೆ ಇಟ್ಟಿದ್ದ ಒಂದನ್ನು ಕೈಯಲ್ಲಿ ಹಿಡಿದಾಗ, ಇದು ಬಡಿಗ ಕೆತ್ತಿದ್ದಲ್ಲ, ತಾನಾಗಿ ಬೆಳೆದದ್ದು ಎಂದು ನಂಬಲು ನನಗೆ ಹೊತ್ತು ಹಿಡಿಯಿತು.

ಅತ್ತೆಗೆ ಹೇಳಿದಾಗ ಅವರು ಹಣೆ ಚಚ್ಚಿಕೊಂಡರು. "ತಿಪ್ಪಿ ಮ್ಯಾಲೆ ಏಳೂದನ್ನ ಮನ್ಯಾಗ ಸಾಕ್ತಿಯೇನವಾ? ಯಾವ ರೋಗಕ್ಕ ಆಗ್ತೈತಿ ಅದು?"

"ನನಗೂ ಪೂರಾ ಗೊತ್ತಿಲ್ರಿ ಅತ್ತಿ. ಮೊದಲು ಬೆಳಿಲಿ."

ಮರ ಕೊಯ್ಯುವ ಮಿಲ್ಲಿನಿಂದ ಹೊಟ್ಟು ತಂದೆ. ಗೋಧಿ ಬೂಸಾ ಬೆರೆಸಿ, ನೀರು ಚಿಮುಕಿಸಿ, ಚೀಲಗಳಿಗೆ ತುಂಬಿ, ದೊಡ್ಡ ಡ್ರಮ್ಮಿನಲ್ಲಿ ಹಬೆಗೆ ಇಟ್ಟು, ಆರಿದ ಮೇಲೆ ಬೀಜ ಹಾಕಿದೆ. ಕೆಲವು ಚೀಲಗಳಿಗೆ ಹಸಿರು ಬೂಷ್ಟು ಬಂತು. ಎತ್ತಿ ದೂರ ಒಗೆದೆ. ಉಳಿದವುಗಳಲ್ಲಿ ಬಿಳಿ ಎಳೆಗಳು ದಿನಕ್ಕೊಂದಿಷ್ಟು ಹಬ್ಬುತ್ತ, ಕಂದು ಹೊಟ್ಟೆಲ್ಲ ಒಂದು ದಿನ ಹಾಲಿನಂತೆ ಬೆಳ್ಳಗಾಯಿತು. ಚೀಲದ ಬಾಯಿ ಬಿಚ್ಚಿದೆ. ತೇವ ಹೋಗಬಾರದೆಂದು ಕಿಟಕಿಗೆ ಪ್ಲಾಸ್ಟಿಕ್ ಬಡಿದೆ, ಬಾಗಿಲಿನ ಸಂದಿಗೆ ಗೋಣಿ ತುರುಕಿದೆ, ದಿನಕ್ಕೆ ನಾಲ್ಕು ಸಲ ನೆಲ ತೋಯಿಸಿದೆ.

ಬಂದದ್ದು ಬೀಸಣಿಕೆಯಲ್ಲ, ಕೊಂಬು. ಜಿಂಕೆಯ ಕೊಂಬಿನಂತೆ ಉದ್ದಕ್ಕೆ, ಕವಲೊಡೆದು, ಬಿಳಿಯ ತುದಿ ಚಾಚಿಕೊಂಡು ನಿಂತವು. ನೋಡಲು ಚೆಂದವೇ. ಆದರೂ ಏನನ್ನೋ ಕೈಚಾಚಿ ಹುಡುಕುತ್ತಿರುವ ಹಾಗೆ ಕಂಡವು. ಸಾಂಗಲಿಯಲ್ಲಿ ಕಲಿಸಿದ ಮೇಡಂಗೆ ಫೋಟೋ ಕಳಿಸಿದೆ. ಅವರು ಫೋನ್ ಮಾಡಿ, ಗಾಳಿ ಸಾಲದೆ ಹೀಗಾಗಿದೆ, ಅಣಬೆಯೂ ನಮ್ಮಂತೆ ಉಸಿರಾಡುತ್ತದೆ, ಅದು ಬಿಟ್ಟ ಉಸಿರು ಕೋಣೆಯಲ್ಲೇ ನಿಂತರೆ ಕೊಡೆ ಬಿಚ್ಚುವುದಿಲ್ಲ ಎಂದರು. ಸರಿಯೆಂದು ಕಿಟಕಿಯ ಪ್ಲಾಸ್ಟಿಕ್ ಕಿತ್ತೆ. ಮರುದಿನ ಸಂಜೆಯೊಳಗೆ ಬಿಳಿ ತುದಿಗಳೆಲ್ಲ ಒಣಗಿ ಕಂದಾಗಿದ್ದವು. ಮತ್ತೆ ಮುಚ್ಚಿದೆ. ಹೊಸ ಕೊಂಬುಗಳೆದ್ದವು. ತೆರೆದರೆ ಒಣಗುತ್ತದೆ, ಮುಚ್ಚಿದರೆ ಕೊಂಬಾಗುತ್ತದೆ. ಎರಡು ವಾರ ಹೀಗೇ ತೆರೆದು ಮುಚ್ಚಿ ಸೋತುಹೋದೆ.

ಬಿಸಿಲು ಏರುತ್ತಿದ್ದ ದಿನಗಳು. ನಮ್ಮ ಮನೆಯ ಕೂಲರ್ ಕೆಟ್ಟಿತ್ತೆಂದು ಜತ್ತದಿಂದ, ಎಲ್ಲರೂ ಚಾಚಾ ಎಂದು ಕರೆಯುವ ಮಿಸ್ತ್ರಿಯನ್ನು ಕರೆಸಿದೆವು. ನಲವತ್ತು ವರ್ಷಗಳಿಂದ ಕೂಲರ್ ಕಟ್ಟುವುದೇ ಅವರ ಕಸುಬು. ರಿಪೇರಿ ಮುಗಿಸಿ ಕೈ ತೊಳೆಯಲು ಹಿಂದೆ ಹೋದವರು ಕೋಣೆಯತ್ತ ಕೈ ಮಾಡಿ ಕೇಳಿದರು. "ಇದೇನವಾ ಬೇಟಿ, ಬಾಗಲಕ್ಕ ಗೋಣಿ ತುರಕೀರಿ?"

ನಾನು ಎಲ್ಲವನ್ನೂ ಹೇಳಿದೆ. ಅವರು ಒಳಗೆ ಬಂದು ಒಂದು ಊದಿನಕಡ್ಡಿ ಬೇಡಿದರು. ಹಚ್ಚಿ, ಕೋಣೆಯ ನಡುವೆ ಅಲುಗಾಡದೆ ಹಿಡಿದರು. ಹೊಗೆ ದಾರದಂತೆ ನೆಟ್ಟಗೆ ಮೇಲೇರಿ ತಗಡಿನ ಕೆಳಗೆ ಸುಮ್ಮನೆ ನಿಂತುಬಿಟ್ಟಿತು.

"ನೋಡು, ಹೊಗಿ ನಿಂತೈತಿ. ಕಿಡಕಿ ಮುಚ್ಚಿ ಕೂಲರ್ ಹಚ್ಚಿದ್ರ ಮನಷ್ಯಾಗೂ ಹಿಂಗ ಆಗ್ತೈತಿ. ಮಂದಿಗೆ ಹೇಳಿ ಹೇಳಿ ಸಾಕಾಗೇತಿ ನನಗ. ಒಳಗ ಬರೂ ಗಾಳಿ ತೊಯ್ದು ಬರಬೇಕು, ಇದ್ದ ಗಾಳಿ ಹೊರಗ ಹೋಗಬೇಕು. ಎರಡೂ ಕೂಡೇ ಆಗಬೇಕು."

"ಆಗ್ತೈತೇನ್ರಿ ಚಾಚಾ?"

"ಆಗದ ಏನು? ಇಲ್ಲಿ ಗಾಳಿ ಭಾಳ ಒಣಾ. ಒಣಾ ಗಾಳಿನೇ ನೀರು ಚಲೋ ಕುಡಿತೈತಿ."

ಆ ಮಾತು ಕೇಳಿ ನಾನು ದಂಗಾದೆ. ಇಷ್ಟು ದಿನ ಯಾವ ಗಾಳಿಯನ್ನು ಶತ್ರುವೆಂದು ಹೊರಗಿಟ್ಟಿದ್ದೆನೋ ಅದನ್ನೇ ಅವರು ಕೆಲಸಕ್ಕೆ ಕರೆಯುತ್ತಿದ್ದರು.

ಎರಡು ದಿನ ಬಿಟ್ಟು ಬಂದು ಪಡುವಣ ಕಿಟಕಿಯ ಜಾಗದಲ್ಲಿ ಫ್ಯಾನು ಕೂರಿಸಿದರು. ಕೂಲರಿಗೆ ಹಾಕುವ ಹುಲ್ಲು ಬೇಡ, ಕೊಳೆಯುತ್ತದೆ ಎಂದು ಜೇನುಗೂಡಿನಂಥ ದಪ್ಪ ಕಾಗದದ ಪ್ಯಾಡು ಹಾಕಿ, ಮೇಲಿಂದ ನೀರು ಇಳಿಯುವಂತೆ ಮಾಡಿದರು. ಎದುರಿನ ಗೋಡೆಗೆ, ನೆಲದ ಹತ್ತಿರ, ಎರಡು ಕಿಂಡಿ ಕೊರೆದು ಜಾಲರಿ ಬಡಿದರು. ಫ್ಯಾನಿನ ಮುಂದೆ ಬಟ್ಟೆಯ ಪರದೆ ಕಟ್ಟಿ ಗಾಳಿಯ ರಭಸ ಮುರಿದರು. ಮತ್ತೆ ಊದಿನಕಡ್ಡಿ ಹಚ್ಚಿದರು. ಈ ಸಲ ಹೊಗೆ ಬಾಗಿತು. ನಿಧಾನಕ್ಕೆ ಚೀಲಗಳ ಸಾಲಿನ ನಡುವೆ ನಡೆದು ಕಿಂಡಿಯಿಂದ ಹೊರಗೆ ಹೋಯಿತು.

ಮುಂದಿನ ದಿನಗಳನ್ನು ಹೇಗೆ ಹೇಳಲಿ? ಕೊಂಬಿನ ತುದಿಗಳು ಮೊದಲು ಉಬ್ಬಿದವು, ಆಮೇಲೆ ಚಪ್ಪಟೆಯಾದವು, ಆಮೇಲೆ ಅಂಗೈಯಂತೆ ತೆರೆದವು. ಅಂಚು ಬಿಳಿ, ಅದರೊಳಗೆ ಹಳದಿ, ಇನ್ನೂ ಒಳಗೆ ಕಿತ್ತಳೆ, ಬುಡದಲ್ಲಿ ಕುಂಕುಮಗೆಂಪು. ಒಂದು ಬಣ್ಣ ಇನ್ನೊಂದಕ್ಕೆ ತಿರುಗುವುದನ್ನು ಕಣ್ಣಾರೆ ಹಿಡಿಯಬೇಕೆಂದು ಗಂಟೆಗಟ್ಟಲೆ ಕೂತೆ. ಹಿಡಿಯಲಾಗಲಿಲ್ಲ. ಎದ್ದು ನೀರು ಕುಡಿದು ಬರುವಷ್ಟರಲ್ಲಿ ಏನೋ ಆಗಿರುತ್ತಿತ್ತು.

ಬಲಿತ ಮೇಲೆ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಎಲ್ಲದರ ಮೇಲೂ ಕಂದು ಧೂಳು, ನುಣ್ಣನೆಯ ರಂಗೋಲಿ ಪುಡಿಗಿಂತ ನುಣುಪು. ರೋಗವೆಂದೇ ಹೆದರಿದೆ. ಅದು ರೋಗವಲ್ಲ, ಅಣಬೆ ತನ್ನ ಬೀಜವನ್ನೇ ಹೊಗೆಯಂತೆ ಚೆಲ್ಲುತ್ತಿದೆ ಎಂದು ಆಮೇಲೆ ತಿಳಿಯಿತು. ಕಿಂಡಿಯಿಂದ ಬಂದ ಬಿಸಿಲಿನ ಕೋಲಿನಲ್ಲಿ ಅದು ಏಳುವುದು ಕಾಣುತ್ತಿತ್ತು. ಕೊನೆಯೇ ಇರಲಿಲ್ಲ.

ಅಷ್ಟು ದಿನ ಹೊಸ್ತಿಲು ದಾಟದಿದ್ದ ಅತ್ತೆ ಅಂದು ಮೂಗಿಗೆ ಸೆರಗು ಮುಚ್ಚಿಕೊಂಡು ಒಳಗೆ ಬಂದರು. ಒಂದರ ಅಂಚನ್ನು ಬೆರಳ ತುದಿಯಿಂದ ಮುಟ್ಟಿ, "ಎಳಿ ಕೂಸಿನ ನೆತ್ತಿ ಇದ್ದಂಗ ಐತಲ್ಲ" ಎಂದರು. ಆಮೇಲೆ ಯಾರಿಗೋ ಎಚ್ಚರವಾದೀತೆನ್ನುವಂತೆ ಮೆಲ್ಲಗೆ ಹೊರಗೆ ಹೋದರು.

ಚಾಚಾನನ್ನೂ ನೋಡಲು ಕರೆಸಿದೆ. ಅವರು ಬಾಯಿಗೆ ಟವೆಲ್ ಹಿಡಿದುಕೊಂಡು ಸಾಲುಗಳ ನಡುವೆ ಒಂದು ಸುತ್ತು ಹಾಕಿದರು. ಹೊರಬಂದಾಗ ಅವರ ಬಿಳಿ ಟೋಪಿ, ಭುಜ ಎಲ್ಲ ಕಂದಾಗಿತ್ತು. ಕೊಡವಿಕೊಳ್ಳಲಿಲ್ಲ.

"ನಾ ಇಷ್ಟ ವರ್ಷ ಮಂದಿಗೆ ತಂಪು ಮಾಡಿ ಕೊಟ್ಟೆ ಬೇಟಿ. ಒಬ್ರೂ ಹಿಂಗ ಅರಳಿದ್ದು ನಾ ನೋಡಿರಲಿಲ್ಲ."

ನಾನು ಚಹಾ ಮಾಡಲು ಎದ್ದೆ. ಅವರು ಅಂಗಳದಲ್ಲಿ ಕೂತು ಆ ಕಿಂಡಿಯನ್ನೇ ನೋಡುತ್ತಿದ್ದರು.

ಆ ಬೆಳೆ ಚೆನ್ನಾಗಿಯೇ ಬಂತು. ಈಗ ಕರಜಗಿಯ ಒಬ್ಬ ಹೆಣ್ಣುಮಗಳು ತನ್ನ ಹಿತ್ತಿಲ ಕೋಣೆಯಲ್ಲಿ ಇದೇ ಅಣಬೆ ಶುರುಮಾಡಿದ್ದಾಳೆ. ಮೊನ್ನೆ ನೋಡಿಕೊಂಡು ಹೋಗಲು ಬಂದಿದ್ದಳು. ಕಾಲು ತೊಳೆಯಲು ನೀರು ಕೊಟ್ಟು ಬಾಗಿಲು ತೆರೆದೆ. ಏನೇನೋ ಪ್ರಶ್ನೆ ಬರೆದುಕೊಂಡು ಬಂದವಳು, ಒಳಗೆ ಎರಡು ಹೆಜ್ಜೆ ಇಟ್ಟು, ಚೀಟಿಯನ್ನು ಕೈಯಲ್ಲೇ ಹಿಡಿದು, ಅರಳಿದ ಸಾಲುಗಳನ್ನೇ ನೋಡುತ್ತ ನಿಂತುಬಿಟ್ಟಳು. ನಾನು ಒಂದು ಊದಿನಕಡ್ಡಿ ಹಚ್ಚಿ ಅವಳ ಕೈಗೆ ಕೊಟ್ಟೆ.