ಪೆಟಾಲಿಂಗ್ ಜಯಾದಲ್ಲಿ ನನ್ನ ವನವಾಸ

ಈ ವಯಸ್ಸಿನಲ್ಲಿ ನನಗೆ ಹೊಟ್ಟೆಕಿಚ್ಚು ಬಂದದ್ದು ಒಬ್ಬ ಸಂತನ ಮೇಲೆ. ಪೆಟಾಲಿಂಗ್ ಜಯಾ ಎಂಬ ಈ ಪರದೇಶದ ಊರಿನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಸೊಸೆ ಒಂದು ಹಳೆಯ ಇಟಲಿ ಚಿತ್ರದ ಪ್ರತಿಯನ್ನು ತೂಗುಹಾಕಿದ್ದಾಳೆ. ಕಾಡು, ಬಂಡೆ, ಬರಿಮೈಯ ಮುದುಕ ಸಂತ, ಪಕ್ಕದಲ್ಲಿ ತಲೆಬುರುಡೆ, ಕಾಲ ಬಳಿ ತೂಕಡಿಸುವ ಸಿಂಹ.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವನ ತಪಸ್ಸಲ್ಲ, ಅವ್ಯವಸ್ಥೆ. ಪುಸ್ತಕ ನೆಲದ ಮೇಲೆ, ಕೆಂಪು ನಿಲುವಂಗಿ ಕಲ್ಲಿನ ಮೇಲೆ, ಟೋಪಿ ಕೊಂಬೆಯಲ್ಲಿ. ಎದ್ದೊಡನೆ ಹೊದಿಕೆ ಮಡಿಸುವ ನನ್ನಂಥವನಿಗೆ ಅದರೆದುರು ಕಾಫಿ ಕುಡಿಯುವುದೇ ಕಷ್ಟ. ಆದರೆ ಅವನನ್ನು ಯಾರೂ ಮಾತಾಡಿಸುವುದಿಲ್ಲ. ನಮ್ಮ ಮನೆಯಲ್ಲೋ ಬೆಳಗ್ಗೆ ಮಿಕ್ಸಿ, ಮಗನ ಮೀಟಿಂಗ್, ಹೆಂಡತಿ ಶಾರದೆಯ ಸುಪ್ರಭಾತ, ಎಲ್ಲ ಒಟ್ಟಿಗೆ. ಹಾಗಾಗಿ ಘೋಷಿಸಿದೆ: ಸ್ನಾನವಾದ ಮೇಲೆ ಒಂದು ಗಂಟೆ ಬಾಲ್ಕನಿಯಲ್ಲಿ ನನ್ನ ವನವಾಸ, ಮಾತಿಲ್ಲ.

"ಕಾಡಿಗೆ ಹೋಗೋರು ಒಣಗಿದ ಬಟ್ಟೆ ಒಳಗೆ ತಂದಿಟ್ಟು ಹೋಗಿ" ಎಂದಳು ಶಾರದೆ.

ಕೆಲವು ದಿನ ಸುಖವಾಗಿತ್ತು. ಒಂದು ಬೆಳಗ್ಗೆ ಪಕ್ಕದ ಬಾಲ್ಕನಿಯಿಂದ ಉಡುಪಿಯ ಡಾಕ್ಟರ್ ವಸಂತಿ ನಮಸ್ಕಾರ ಎಂದರು. ನಾನು ನಿಯಮ ಮುರಿಯದೆ ಸುಮ್ಮನೆ ಕೈಯೆತ್ತಿದೆ. ಕೆಟ್ಟದ್ದು ಅಲ್ಲೇ. ಮಿಂದು, ಪಂಚೆಯುಟ್ಟು, ಬರಿಮೈಯಲ್ಲಿ ಮಾತುಬಿಟ್ಟು ಕೂತವನನ್ನು ಕಂಡರೆ ನಮ್ಮವರಿಗೆ ಅದು ಮೌನವ್ರತ. ವ್ರತಸ್ಥ ಸಿಕ್ಕರೆ ಆಶೀರ್ವಾದ ಬೇಕೇ ಬೇಕು. ಮರುದಿನ ಅವರು ಬಾಳೆಹಣ್ಣಿನ ತಟ್ಟೆಯ ಸಮೇತ ಮಗಳನ್ನು ಕರೆತಂದರು.

"ಮಾತಾಡ್ಬೇಡಿ ಮಾರಾಯ್ರೆ, ವ್ರತ ಕೆಡ್ತದೆ. ಇವಳಿಗೆ ನಾಳೆ ಡ್ರೈವಿಂಗ್ ಟೆಸ್ಟ್ ಉಂಟು. ತಲೆ ಮೇಲೆ ಕೈಯಿಟ್ರೆ ಸಾಕು."

ಅಲ್ಲಗಳೆಯಲು ಬಾಯಿ ತೆರೆಯಬೇಕು, ನಿಯಮ ನನ್ನದೇ. ಕೈಯಿಟ್ಟೆ. ಪದೇ ಪದೇ ನಪಾಸಾಗಿದ್ದ ಹುಡುಗಿ ಪಾಸಾಗಿಬಿಟ್ಟಳು.

ಆಮೇಲೆ ನನ್ನ ಕಾಡಿಗೆ ಜನ ಬರತೊಡಗಿದರು. ವೀಸಾದವರು, ಬಡ್ತಿಯವರು, ಸೊಂಟನೋವಿನವರು. ಶಾರದೆ ಬಾಳೆಹಣ್ಣಿನ ರಸಾಯನ ಮಾಡಿ ಹಂಚಿದಳು. "ಅಪ್ಪ, ನಮ್ಮನೇಲಿ ಕ್ಲಿನಿಕ್ ಶುರುವಾಗಿದೆಯಾ ಅಂತ ಸೆಕ್ಯುರಿಟಿಯವನು ಕೇಳ್ತಿದ್ದಾನೆ" ಎಂದ ಮಗ. ಮೊದಲು ಮೂರು ಜನರ ಗದ್ದಲವಿತ್ತು, ಈಗ ಇಡೀ ಕಟ್ಟಡದ್ದು.

ಸಿಟ್ಟಿನಿಂದ ಚಿತ್ರದ ಮುಂದೆ ನಿಂತೆ. ನಿನಗೆ ಮಾತ್ರ ಹೇಗಯ್ಯಾ ಸಿಕ್ಕಿತು ಏಕಾಂತ? ಕನ್ನಡಕ ಸರಿಮಾಡಿಕೊಂಡು ನೋಡಿದರೆ, ಬಂಡೆಯ ಹಿಂದೆ ದೂರದಲ್ಲೊಂದು ದಾರಿ. ಅದರಲ್ಲಿ ಇರುವೆಯಷ್ಟು ಪುಟ್ಟ ಇಬ್ಬರು, ಒಬ್ಬನ ತಲೆಯ ಮೇಲೆ ಬುಟ್ಟಿ. ಅನುಮಾನವೇ ಇಲ್ಲ, ಹಣ್ಣು. ಸಂತ ಆಕಾಶ ನೋಡುತ್ತಿದ್ದಾನೆ, ಪಾಪ, ಅವನಿಗಿನ್ನೂ ಗೊತ್ತಿಲ್ಲ.

ಏಕಾಂತವೆಂದರೆ ಬರುವವರು ದಾರಿಯಲ್ಲಿರುವ ಹೊತ್ತು, ಅಷ್ಟೆ. ಅವನ ದಾರಿ ಉದ್ದ. ನಮ್ಮ ಲಿಫ್ಟ್ ಬೇಗ ಬರುತ್ತದೆ. ಒಣಗಿದ ಬಟ್ಟೆ ಮಡಿಸಿಟ್ಟು, ಬಾಲ್ಕನಿಗೆ ಇನ್ನೊಂದು ಕುರ್ಚಿ ಹಾಕಿದೆ.