ದುಪ್ಪಟಿಯಲ್ಲಿ ಸಿಕ್ಕ ಕಾಯಿಲೆ

ಗೆಳೆಯರೇ, ಈಗತಾನೇ ಅಣ್ಣನನ್ನು ಕಡೂರಿನ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಚೌಳಹಿರಿಯೂರಿಗೆ ಮರಳಿದೆ. ಬೆರಗು ಇನ್ನೂ ಇಳಿದಿಲ್ಲ, ಕೇಳಿ.

ತಿಂಗಳಿಂದ ಅಣ್ಣನಿಗೆ ಸಣ್ಣ ಜ್ವರ, ರಾತ್ರಿಯೆಲ್ಲ ಬೆವರು. ಜ್ವರ ಬೆವರಾಗಿ ಇಳಿಯುತ್ತಿದೆ ಎಂದು ಅವ್ವ ಸಂತೋಷದಿಂದ ಇನ್ನೊಂದು ಕಂಬಳಿ ಹೊದಿಸುತ್ತಿದ್ದಳು. ಇವತ್ತು ಬೆಳಿಗ್ಗೆ ಮೈಲಿಗೆ ಬಟ್ಟೆ ಒಯ್ಯಲು ಬಂದ ಮಡಿವಾಳರ ಹನುಮವ್ವ ಅವನ ದುಪ್ಪಟಿ ಬಿಡಿಸಿದವಳು ಹಾಗೇ ನಿಂತುಬಿಟ್ಟಳು.

"ಹೊಲಕ್ಕೆ ಹೋಗೋ ಅಂಗೀಲಿ ಬೆವರಿನ ಗುರುತೇ ಇಲ್ಲ. ಮಲಗೋ ದುಪ್ಪಟಿ ಈ ಚಳೀಲೂ ಉಪ್ಪುಗಟ್ಟೈತೆ. ಇಂಥ ದುಪ್ಪಟಿ ಮೂರು ಮನೇದು ಒಗ್ದಿದ್ದೀನಿ ಕಣಪ್ಪಾ, ಮೂರೂ ಮನೇಲಿ ಎದೆ ಕಾಯಿಲೆ. ಇವತ್ತೇ ಹೋಗು."

"ಬಟ್ಟೆ ಒಗೆಯೋಳು ನಾಡಿ ನೋಡ್ತಾಳೇನು!" ಎಂದು ಅಣ್ಣ ರೇಗಿದ. ನಾನೇ ಎಳೆದುಕೊಂಡು ಹೋಗಿ ಬಸ್ಸು ಹತ್ತಿಸಿದೆ.

ಎಕ್ಸ್‌ರೇ ನೋಡಿದ ಡಾಕ್ಟರು, "ಕ್ಷಯ ಕಣಪ್ಪಾ. ಶುರುವಿನಲ್ಲೇ ಬಂದಿದ್ದೀಯ. ಸೂಜಿ, ಮಾತ್ರೆ ತಪ್ಪಿಸ್ದೆ ತಗೊಂಡ್ರೆ ಉಳೀತೀಯ. ಕಳಿಸಿದ ಡಾಕ್ಟ್ರು ಯಾರು?" ಎಂದರು.

"ಹನುಮವ್ವ," ಎಂದ ಅಣ್ಣ, ತಲೆ ತಗ್ಗಿಸಿ.

"ಎಲ್ಲಿ ಪ್ರಾಕ್ಟೀಸು?"

"ಹಳ್ಳದ ಕಲ್ಲಿನ ಮೇಲೆ, ಸಾರ್."