ಕೊರೆಯಪ್ಪನ ಮೂಗು
ನಮ್ಮ ಇನುಯಿಟ್ ಊರಿನ ಬೇಟೆಗಾರರ ಜೊತೆ ಸೇರಿ ಕಡಲ ಮಂಜುಗಡ್ಡೆ ಅಳೆಯಲು ವರ್ಷವರ್ಷವೂ ಬರುವ ವಿಜ್ಞಾನಿ ಲೋರಿಮರ್‌ಗೆ ಕೌನಕ್ ಅಜ್ಜಿ ಇಟ್ಟ ಹೆಸರು ‘ಕೊರೆಯಪ್ಪ’: ಹೊರಗೆ ಮಂಜುಗಡ್ಡೆ ಕೊರೆಯುತ್ತಾನೆ, ಒಳಗೆ ಬಂದರೆ ಪ್ರಶ್ನೆ ಕೇಳಿ ತಲೆ ಕೊರೆಯುತ್ತಾನೆ. ಬಾಯಿತುಂಬ ಸೀಲ್ ಮಾಂಸವಿದ್ದರೂ ಪ್ರಶ್ನೆ ನಿಲ್ಲದು. ಮೊದಮೊದಲು ಬೇಟೆಗಾರರು ಹುಬ್ಬೇರಿಸಿ ಹೌದೆಂದರೂ ಮೂಗು ಸುಕ್ಕಿಸಿ ಇಲ್ಲವೆಂದರೂ, “ಇವ್ರು ಉತ್ತರಾನೇ ಕೊಡಲ್ಲ” ಎಂದು ಪೇಚಾಡುತ್ತಿದ್ದ. ಈಗ ಅವನಿಗೂ ಅದೇ ಚಾಳಿ. ಇನ್ನಷ್ಟು ಚಹಾ ಬೇಕಾ ಎಂದರೆ ಹುಬ್ಬೇ ಮಾತಾಡುತ್ತದೆ. ಮೊನ್ನೆ ಅಜ್ಜಿಯ ಅಡುಗೆಮನೆಯಲ್ಲಿ ಕೂತಿದ್ದಾಗ ಅವನ ಮೇಲಧಿಕಾರಿ ಫೋನಿನಲ್ಲಿ ಕೇಳಿದ: “ಮುಂದಿನ ವರ್ಷದಿಂದ ನಿಮ್ಮನ್ನ ಬೇರೆ ಊರಿಗೆ ಹಾಕ್ಲಾ?” ಲೋರಿಮರ್ ಮೂಗು ಸುಕ್ಕಿಸಿದ. “ಸುಮ್ನಿದ್ದೀರಿ, ಒಪ್ಪಿಗೆ ಅಂದ್ಕೊಳ್ಲಾ?” ಅವನು ಇನ್ನೂ ಜೋರಾಗಿ ಸುಕ್ಕಿಸಿದ. ಅಜ್ಜಿ ಫೋನು ಕಿತ್ತುಕೊಂಡಳು: “ಆಗ್ಲಿಂದ ಬೇಡ ಬೇಡ ಅಂತ ಬಡ್ಕೋತಿದಾನಲ್ಲಪ್ಪ, ನಿಂಗೆ ಕಿವಿ ಕೇಳ್ಸಲ್ವಾ?”